ಧ್ರುವದ ಹತ್ರ ಹಡಗು ಈಶಾನ್ಯಕ್ಕೇ ಹೋಗ್ತಾ ಇದ್ರೆ ಎಲ್ಲಿಗೆ ತಲುಪುತ್ತೆ?

ಪ್ರಶ್ನೆ: ಸರ್, ತುಮಕೂರಲ್ಲಿ ಬಿ.ಎಚ್. ರಸ್ತೆ ಹತ್ರ ಡಿಗ್ರಿ ಹುಡುಗ್ರಿಗೆ ಕಾಂಪಿಟಿಟಿವ್ ಎಕ್ಸಾಂ ಕೋಚಿಂಗ್ ಕೊಡ್ತೀನಿ. ಎರಡು ಲೆಕ್ಕದಲ್ಲಿ ಕ್ಲಾಸಲ್ಲಿ ಜಗಳ ಆಗೋಯ್ತು. ಒಂದು, ಉತ್ತರ ಧ್ರುವದಿಂದ 100 ನಾಟಿಕಲ್ ಮೈಲು ದೂರದಲ್ಲಿರೋ ಹಡಗು ಗಂಟೆಗೆ 10 ನಾಟಿಕಲ್ ಮೈಲು ಸ್ಪೀಡಲ್ಲಿ ಸದಾ ಈಶಾನ್ಯಕ್ಕೇ ಹೋಗುತ್ತೆ, ಧ್ರುವ ಮುಟ್ಟುತ್ತಾ? ಕೀ ಆನ್ಸರ್ 14 ಗಂಟೆ 8 ನಿಮಿಷ ಅಂತಿದೆ, ಒಬ್ಬ ಹುಡುಗ ಅದು ಸುತ್ತುತ್ತಾನೇ ಇರುತ್ತೆ, ಮುಟ್ಟೋದೇ ಇಲ್ಲ ಅಂತಾನೆ. ಇನ್ನೊಂದು ಹಳೇದು, 1 ಮೈಲು ದಕ್ಷಿಣ, 1 ಮೈಲು ಪೂರ್ವ, 1 ಮೈಲು ಉತ್ತರ ಹೋದ್ರೆ ಹೊರಟ ಜಾಗಕ್ಕೇ ವಾಪಸ್, ಎಲ್ಲಿಂದ ಹೊರಟಿದ್ದು? ಕೀ ಪ್ರಕಾರ ಉತ್ತರ ಧ್ರುವ ಒಂದೇ. ಇಂಥವನ್ನ ಬಿಡಿಸೋಕೆ ಒಂದು ದಾರಿ ಹೇಳ್ಕೊಡಿ.

ಉತ್ತರ: ಮೊದ್ಲೇ ಹೇಳ್ಬಿಡ್ತೀನಿ, ಮೊದಲನೇ ಲೆಕ್ಕದಲ್ಲಿ ಕೀ ಆನ್ಸರ್ ಸರಿ, ನಿಮ್ಮ ಹುಡುಗ ಹೇಳಿದ್ರಲ್ಲೂ ಅರ್ಧ ಸರಿ. ಹಡಗು ಧ್ರುವದ ಸುತ್ತ ಲೆಕ್ಕವಿಲ್ಲದಷ್ಟು ಸುತ್ತು ಹಾಕುತ್ತೆ, ಆದ್ರೂ 14 ಗಂಟೆ 8 ನಿಮಿಷ ಚಿಲ್ರೆಗೆ ಮುಟ್ಟಿಬಿಡುತ್ತೆ, ಎರಡೂ ಒಟ್ಟಿಗೇ ನಿಜ. ಎರಡನೇದ್ರಲ್ಲಿ ಕೀ ಆನ್ಸರ್ ಹೋಗ್ತಿರೋದು ಹಡಗಾದ್ರೆ ಸರಿ, ಮನುಷ್ಯ ಆದ್ರೆ ಅರೆಬರೆ.

ಇಂಥ ಲೆಕ್ಕಗಳಲ್ಲಿ ಎಲ್ರೂ ಎಡವೋದು ಗಣಿತದಲ್ಲಿ ಅಲ್ಲ. ಬೋರ್ಡ್ ಮೇಲೆ ಉತ್ತರ ಅಂದ್ರೆ ಮೇಲೆ, ಪೂರ್ವ ಅಂದ್ರೆ ಬಲಕ್ಕೆ ಅಂತ ಒಂದು ಪ್ಲಸ್ ಗುರುತು ಹಾಕ್ತೀರಲ್ಲ, ಅಲ್ಲೇ ತಪ್ಪು ಶುರುವಾಗೋದು. ಆ ಪ್ಲಸ್ಸು ತುಮಕೂರಿಂದ ಶಿರಾಕ್ಕೆ ಹೋಗೋ ಲೆಕ್ಕಕ್ಕೆ ಸಾಕು. ಧ್ರುವದ ಹತ್ರ ಹತ್ತು ಮೈಲು ಆಚೆ ಹೋದ್ರೆ ಪ್ಲಸ್ಸೇ ತಿರುಗಿರುತ್ತೆ, ಯಾಕಂದ್ರೆ ಉತ್ತರ ಅನ್ನೋದು ಆಕಾಶದಲ್ಲಿ ಎಲ್ಲೋ ಕಟ್ಟಿಟ್ಟ ದಿಕ್ಕಲ್ಲ, ನೀವು ನಿಂತಿರೋ ಜಾಗದಿಂದ ಧ್ರುವ ಯಾವ ಕಡೆ ಇದ್ಯೋ ಆ ಕಡೆ, ಅಷ್ಟೇ.

ಗುಬ್ಬಿ, ತುರುವೇಕೆರೆ ಕಡೆಯ ಹುಡುಗ್ರಿದ್ರೆ ಮನೇಲಿ ಅಜ್ಜಂದ್ರನ್ನ ಕೇಳ್ಲಿ, ಕಣದ ಮಧ್ಯೆ ಮೇಟಿ ನೆಟ್ಟು ಅದಕ್ಕೆ ಎತ್ತು ಕಟ್ಟಿ ರಾಗಿ ತುಳಿಸ್ತಿದ್ರು. ಆ ಮೇಟಿನೇ ಉತ್ತರ ಧ್ರುವ ಅಂದ್ಕೊಳ್ಳಿ. ಮೇಟಿ ಕಡೆ ಮುಖ ಮಾಡಿದ್ರೆ ಉತ್ತರ, ಬೆನ್ನು ಹಾಕಿದ್ರೆ ದಕ್ಷಿಣ, ಮೇಟಿ ಎಡಗೈ ಕಡೆ ಇರೋ ಹಾಗೆ ಸುತ್ತಿದ್ರೆ ಪೂರ್ವ, ಬಲಗೈ ಕಡೆ ಇದ್ರೆ ಪಶ್ಚಿಮ. ಎತ್ತು ಬೆಳಗಿಂದ ಸಂಜೆವರೆಗೂ ಪೂರ್ವಕ್ಕೇ ನಡೀತು ಅಂದ್ರೂ ಕಣ ಬಿಟ್ಟು ಆಚೆ ಹೋಗಿರಲ್ಲ. ಈಗ ಹಗ್ಗ ಸುತ್ತು ಸುತ್ತಿಗೂ ಮೇಟಿಗೆ ಸುತ್ಕೊಂಡು ಗಿಡ್ಡ ಆಗ್ತಾ ಬಂದ್ರೆ ಎತ್ತು ಒಳಕ್ಕೆ ಒಳಕ್ಕೆ ಸರೀತಾ ಬರುತ್ತಲ್ಲ, ಈಶಾನ್ಯಕ್ಕೆ ಹೋಗೋ ಹಡಗಿನ ದಾರಿ ಹೆಚ್ಚುಕಮ್ಮಿ ಹಂಗೆ. ಬೋರ್ಡ್ ಮೇಲೆ ಇದನ್ನೇ ಬರೀರಿ: ಮಧ್ಯೆ ಒಂದು ಚುಕ್ಕೆ, ಸುತ್ತ ವೃತ್ತಗಳು. ಧ್ರುವದಿಂದ ದೂರ ಎಷ್ಟು, ಸುತ್ತಿದ ಕೋನ ಎಷ್ಟು, ಈ ಎರಡೇ ಸಂಖ್ಯೆ ಇಟ್ಕೊಳ್ಳಿ, ಪ್ಲಸ್ ಗುರುತು ಅಳಿಸಿಬಿಡಿ.

ಭೂಮಿ ಚಪ್ಪಟೆ ಅಲ್ವಲ್ಲ ಸರ್ ಅಂತ ಒಬ್ಬ ಕೇಳೇ ಕೇಳ್ತಾನೆ. ಕೇಳ್ಲಿ, ಒಳ್ಳೇದೇ. ಧ್ರುವದಿಂದ 100 ನಾಟಿಕಲ್ ಮೈಲು ಒಳಗೆ ಚಪ್ಪಟೆ ಅಂದ್ಕೊಂಡ್ರೆ ವೃತ್ತದ ಸುತ್ತಳತೆಯಲ್ಲಿ ಬರೋ ತಪ್ಪು ಹತ್ತು ಸಾವಿರಕ್ಕೆ ಒಂದೂವರೆ ಭಾಗ ಕೂಡ ಇಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದ್ಯಲ್ಲ, 2008ರಲ್ಲಿ ಶುರುವಾಗಿದ್ದು, ಅದು 78 ಡಿಗ್ರಿ 55 ಮಿನಿಟ್ ಉತ್ತರದಲ್ಲಿದೆ, ಅಂದ್ರೆ ಧ್ರುವದಿಂದ 665 ನಾಟಿಕಲ್ ಮೈಲು (ಅಕ್ಷಾಂಶದ 1 ಮಿನಿಟ್ ಅಂದ್ರೆ 1 ನಾಟಿಕಲ್ ಮೈಲು, 1.852 ಕಿಲೋಮೀಟರ್, ಇದನ್ನ ಹುಡುಗ್ರಿಗೆ ಬಾಯಿಪಾಠ ಮಾಡಿಸಿ), ಅಷ್ಟು ದೂರದಲ್ಲೂ ಚಪ್ಪಟೆ ಲೆಕ್ಕ ತಪ್ಪೋದು ನೂರಕ್ಕೆ ಒಂದಕ್ಕಿಂತ ಕಮ್ಮಿನೇ. ಎಕ್ಸಾಂ ಲೆಕ್ಕಕ್ಕೆ ಧಾರಾಳ ಸಾಕು.

ಈಗ ನಿಮ್ಮ ಈಶಾನ್ಯದ ಹಡಗು. ಈಶಾನ್ಯ ಅಂದ್ರೆ ಉತ್ತರಕ್ಕೆ 45 ಡಿಗ್ರಿ ಓರೆ. ಹಡಗು ಗಂಟೆಗೆ 10 ಮೈಲು ಹೋದ್ರೆ ಅದರಲ್ಲಿ ಉತ್ತರದ ಪಾಲು 10 ಇಂಟು ಕಾಸ್ 45, ಅಂದ್ರೆ 7.07 ಮೈಲು. ಈ ಪಾಲು ದಾರಿ ಉದ್ದಕ್ಕೂ ಒಂದೇ, ಮೊದಲನೇ ಗಂಟೆಗೂ ಅಷ್ಟೇ ಕೊನೇ ನಿಮಿಷಕ್ಕೂ ಅಷ್ಟೇ, ಯಾಕಂದ್ರೆ ಕೋರ್ಸ್ (ಉತ್ತರದಿಂದ ಎಷ್ಟು ಡಿಗ್ರಿ ತಿರುಗಿ ಹೋಗ್ತಿದೆ ಅನ್ನೋದು) ಬದಲಾಗ್ತಿಲ್ಲ. ಉತ್ತರಕ್ಕೆ ಹೋಗ್ಬೇಕಿರೋದು ಒಟ್ಟು 100 ಮೈಲು, ಗಂಟೆಗೆ 7.07 ಸಿಗ್ತಿದೆ, 14.14 ಗಂಟೆ ಬೇಕು, ಹಡಗು ಓಡೋ ಒಟ್ಟು ದೂರ 141.4 ಮೈಲು. ಮುಗೀತು. ಕ್ಯಾಲ್ಕುಲಸ್ ಬೇಡ, ಇಂಟಿಗ್ರೇಶನ್ ಬೇಡ. ಸೂತ್ರ ಬೇಕೇ ಬೇಕು ಅಂದ್ರೆ, ಧ್ರುವಕ್ಕಿರೋ ದೂರವನ್ನ ಕೋರ್ಸಿನ ಕಾಸ್‌ನಿಂದ ಭಾಗಿಸಿ. ಇದು ಚಪ್ಪಟೆ ಲೆಕ್ಕವೂ ಅಲ್ಲ, ಗೋಳದ ಮೇಲೆ ಎಲ್ಲಿಂದ ಬೇಕಾದ್ರೂ ನಡೆಯುತ್ತೆ. ತುಮಕೂರು 13.3 ಡಿಗ್ರಿ ಉತ್ತರದಲ್ಲಿದೆ, ನೇರ ಉತ್ತರಕ್ಕೆ ಹೋದ್ರೆ ಧ್ರುವ ಸುಮಾರು 8,520 ಕಿಲೋಮೀಟರ್, ಬೆಟ್ಟ ಸಮುದ್ರ ಯಾವ್ದೂ ಅಡ್ಡ ಇಲ್ಲ ಅಂದ್ಕೊಂಡು ಸದಾ ಈಶಾನ್ಯಕ್ಕೆ ಹೋದ್ರೆ ಸುಮಾರು 12,050 ಕಿಲೋಮೀಟರ್.

ಸುತ್ತುಗಳ ವಿಷಯ ಏನಾಯ್ತು ಅಂತೀರಾ, ಇಲ್ಲೇ ಮಜಾ ಇರೋದು. 45 ಡಿಗ್ರಿ ಕೋರ್ಸಲ್ಲಿ ಒಂದು ಪೂರ್ತಿ ಸುತ್ತು ಮುಗಿಯೋ ಹೊತ್ತಿಗೆ ಧ್ರುವದ ದೂರ ಸುಮಾರು 535 ಪಟ್ಟು ಕಮ್ಮಿ ಆಗಿರುತ್ತೆ (2.718ರ ಘಾತ 2 ಪೈ, ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ). 100 ಮೈಲಿಂದ ಹೊರಟ ಹಡಗು ಒಂದು ಸುತ್ತು ಮುಗಿಸಿದಾಗ ಧ್ರುವದಿಂದ ಬರೀ 346 ಮೀಟರ್ ದೂರದಲ್ಲಿರುತ್ತೆ. ಎರಡನೇ ಸುತ್ತಿಗೆ 65 ಸೆಂಟಿಮೀಟರ್. ಮೂರನೇ ಸುತ್ತಿಗೆ 1 ಮಿಲಿಮೀಟರ್ ಚಿಲ್ರೆ. ಆಮೇಲೂ ಸುತ್ತುಗಳು ಮುಗಿಯಲ್ಲ, ಆದ್ರೆ ಅವೆಲ್ಲಾ ಸೇರಿ ಒಂದು ಸಾಸಿವೆ ಕಾಳಿನ ಜಾಗದಲ್ಲಿ ಆಗೋಗುತ್ತೆ, ನಿಜವಾದ ಹಡಗಿಗೆ ಎರಡನೇ ಸುತ್ತಲ್ಲೇ ಅದರ ಉದ್ದ ಸುತ್ತಿಗಿಂತ ದೊಡ್ಡದಾಗಿರುತ್ತೆ. ನಿಮ್ಮ ಹುಡುಗ ಸುತ್ತು ಎಣಿಸಿದ, ಉದ್ದ ಅಳೀಲಿಲ್ಲ. ಅನಂತ ಸುತ್ತಿದ್ರೂ ಉದ್ದ ಸೀಮಿತ ಇರ್ಬಹುದು ಅನ್ನೋದನ್ನ ಇಂಥ ಸುರುಳಿಗೆ 1640ರ ದಶಕದಲ್ಲೇ ಟೊರಿಚೆಲ್ಲಿ ತೋರಿಸಿದ್ದ, ಹೌದು, ಬ್ಯಾರೋಮೀಟರ್ ಟೊರಿಚೆಲ್ಲಿನೇ.

ಕೋರ್ಸ್ 45ರ ಬದಲು 80 ಡಿಗ್ರಿ ಕೊಟ್ರೆ ಚಿತ್ರ ಬೇರೆ. ಆಗ ಒಟ್ಟು ದೂರ 576 ಮೈಲು, ಸುತ್ತಿಗೆ ದೂರ ಕಮ್ಮಿ ಆಗೋದು ಬರೀ ಮೂರು ಪಟ್ಟು, ಸುರುಳಿ ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಬೋರ್ಡ್ ಮೇಲೆ ಬರೆಯೋಕೆ ಇದನ್ನೇ ತಗೊಳ್ಳಿ. 90 ಕೊಟ್ರೆ ಮಾತ್ರ ನಿಮ್ಮ ಹುಡುಗ ಪೂರ್ತಿ ಗೆದ್ದ, ಹಡಗು ಸುತ್ತುತ್ತಾನೇ ಇರುತ್ತೆ.

ಆ ಹುಡುಗನಿಗೆ "ಮುಟ್ಟಲ್ಲ" ಅನ್ನೋ ಐಡಿಯಾ ಬರೋಕೆ ಗೋಡೆ ಮೇಲಿನ ವರ್ಲ್ಡ್ ಮ್ಯಾಪೂ ಕಾರಣ ಇರ್ಬಹುದು. ಒಂದೇ ಕೋರ್ಸ್ ಹಿಡ್ಕೊಂಡು ಹೋಗೋ ಹಡಗು ನೇರ ದಾರೀಲಿ ಹೋಗ್ತಿರಲ್ಲ ಅಂತ ಪೋರ್ಚುಗಲ್‌ನ ಪೆದ್ರೋ ನೂನೆಸ್ 1537ರಲ್ಲೇ ಬರೆದಿದ್ದ, ಆಮೇಲೆ 1569ರಲ್ಲಿ ಮರ್ಕೇಟರ್ ಒಂದು ಮ್ಯಾಪ್ ಮಾಡಿದ, ಅದರಲ್ಲಿ ಇಂಥ ದಾರಿಗಳೆಲ್ಲಾ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣ್ತವೆ, ನಾವಿಕರಿಗೆ ವರ. ಆದ್ರೆ ಆ ಮ್ಯಾಪಲ್ಲಿ ಧ್ರುವ ಅನ್ನೋದು ಕಾಗದದಲ್ಲಿ ಹಿಡಿಯೋದೇ ಇಲ್ಲ, ಮೇಲೆ ಹೋದಷ್ಟೂ ಅಳತೆ ಹಿಗ್ತಾ ಹೋಗಿ ಧ್ರುವ ಅನಂತದಲ್ಲಿ ಕೂತಿರುತ್ತೆ, ಗೆರೆ ಎಷ್ಟು ಎಳೆದ್ರೂ ತಲುಪಲ್ಲ. ಅದು ಮ್ಯಾಪಿನ ಕಷ್ಟ, ಹಡಗಿನ ಕಷ್ಟ ಅಲ್ಲ.

ಇಲ್ಲಿಂದ ಮುಂದೆ ನಾನು ತುಂಬಾ ಮುಖ್ಯ ಅಂದ್ಕೊಂಡಿರೋದು. "ಪೂರ್ವಕ್ಕೆ ಹೋಗುತ್ತೆ" ಅಂತ ಲೆಕ್ಕದಲ್ಲಿ ಬಂದ್ರೆ ಪೆನ್ ಎತ್ತೋಕೆ ಮುಂಚೆ ಒಂದು ಕೇಳ್ಕೋಬೇಕು: ಕಾಂಪಾಸ್‌ನಲ್ಲಿ ಪೂರ್ವ ಹಿಡ್ಕೊಂಡೇ ಹೋಗ್ತಿದ್ಯಾ, ಅಥವಾ ಪೂರ್ವಕ್ಕೆ ಮುಖ ಮಾಡಿ ಆಮೇಲೆ ನೇರಕ್ಕೆ ಹೋಗ್ತಿದ್ಯಾ? ಎರಡೂ ಒಂದೇ ಅಂತ ಅನ್ಸುತ್ತೆ, ಅಲ್ಲ. ಕಾಂಪಾಸ್ ಹಿಡಿದವನು ಮೇಟಿ ಸುತ್ತ ಸುತ್ತುತ್ತಾನೆ, ಅವನು ಸದಾ ಎಡಕ್ಕೆ ಒಂಚೂರು ತಿರುಗಿಸ್ತಾನೇ ಇರ್ಬೇಕು. ನೇರಕ್ಕೆ ಹೋದವನು ಹಗ್ಗ ಕಿತ್ಕೊಂಡ ಎತ್ತಿನ ಹಾಗೆ ಕಣ ದಾಟಿ ಹೊರಗೆ ಹೋಗ್ತಾನೆ. ಧ್ರುವದಿಂದ 10 ಮೈಲು ದೂರದಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿ 10 ಮೈಲು ನೇರ ಹೋಗಿ, ಈಗ ಧ್ರುವ 14.14 ಮೈಲು ದೂರ, ನಿಮ್ಮ ಮುಖ ಇರೋದು ಪೂರ್ವಕ್ಕಲ್ಲ, ಆಗ್ನೇಯಕ್ಕೆ! ಒಂದು ಡಿಗ್ರಿನೂ ತಿರುಗಿಸಿಲ್ಲ, ಆದ್ರೂ ದಿಕ್ಕು 45 ಡಿಗ್ರಿ ಬದಲಾಯ್ತು. ಪೈಥಾಗರಸ್ ಅಷ್ಟೇ ಬೇಕಾಗಿದ್ದು.

ಇದು ಧ್ರುವದ ಹತ್ರ ಮಾತ್ರ ಆಗೋ ಚಮತ್ಕಾರ ಅಂದ್ಕೋಬೇಡಿ. ತುಮಕೂರಿಂದ ಪೂರ್ವಕ್ಕೆ ಹೊರಡಿ. ಅಕ್ಷಾಂಶ ಬಿಡದೆ ಹೋದವನು ಬಂಗಾಳ ಕೊಲ್ಲಿ ದಾಟಿ, ಉತ್ತರ ಅಂಡಮಾನ್ ಹಾದು, ಪೆಸಿಫಿಕ್‌ನಲ್ಲಿ ಗ್ವಾಮ್ ದ್ವೀಪ ತಲುಪ್ತಾನೆ, ಅದೂ 13.4 ಡಿಗ್ರಿ ಉತ್ತರದಲ್ಲೇ ಇರೋದು. ಅದೇ ಜಾಗದಿಂದ ಪೂರ್ವಕ್ಕೆ ಮುಖ ಮಾಡಿ ನೇರಕ್ಕೆ ಹೋದವನು ನಿಧಾನಕ್ಕೆ ದಕ್ಷಿಣಕ್ಕೆ ಜಾರ್ತಾ ಜಾರ್ತಾ, ರೇಖಾಂಶ ಸರಿಯಾಗಿ 90 ಡಿಗ್ರಿ ಮುಂದಕ್ಕೆ ಹೋದಾಗ ಸಮಭಾಜಕ ವೃತ್ತ ದಾಟ್ತಾನೆ, 77.1ಕ್ಕೆ 90 ಕೂಡಿಸಿ 167.1 ಡಿಗ್ರಿ ಪೂರ್ವ, ಅಲ್ಲಿ ಯಾವ ದೇಶ ಇದೆ ನೋಡಿದ್ರೆ ನವ್ರೂ, ದಾರಿಯಿಂದ ಸುಮಾರು 60 ಕಿಲೋಮೀಟರ್ ದಕ್ಷಿಣಕ್ಕೆ. ಒಬ್ಬ ಗ್ವಾಮ್‌ಗೆ, ಒಬ್ಬ ನವ್ರೂ ಹತ್ರಕ್ಕೆ, ಇಬ್ರೂ ಹೊರಟಿದ್ದು ಅಮಾನಿಕೆರೆ ಏರಿ ಮೇಲಿಂದ "ಪೂರ್ವಕ್ಕೆ". ನಮ್ಮೂರಲ್ಲಿ ಈ ವ್ಯತ್ಯಾಸ ಕಾಣೋಕೆ ಸಾವಿರಾರು ಕಿಲೋಮೀಟರ್ ಬೇಕು, ಧ್ರುವದ ಹತ್ರ ಹತ್ತು ಮೈಲು ಸಾಕು.

ಪಜಲ್‌ನಲ್ಲಿ ಬೇರೇನೂ ಹೇಳಿಲ್ಲ ಅಂದ್ರೆ ಕಾಂಪಾಸ್ ಹಿಡಿದು ಹೋಗೋ ಅರ್ಥನೇ ತಗೊಳ್ಳಿ, ಹಡಗಲ್ಲಿ "ಕೋರ್ಸ್ 090" ಅಂದ್ರೆ ಅದೇ. "ಅತಿ ಹತ್ತಿರದ ದಾರಿ", "ತಿರುಗಿಸದೆ", "ನೇರವಾಗಿ" ಅಂತ ಎಲ್ಲಾದ್ರೂ ಬರೆದಿದ್ರೆ ಗ್ರೇಟ್ ಸರ್ಕಲ್, ಅಂದ್ರೆ ಗೋಳದ ಮೇಲೆ ಎಲ್ಲೂ ತಿರುಗಿಸದೆ ನೇರ ಹೋಗೋ ದಾರಿ. ಹಿಮಾದ್ರಿ ಅಕ್ಷಾಂಶದಲ್ಲಿ ಧ್ರುವದ ಸರಿಯಾಗಿ ಆಚೆ ಬದಿಗೆ ಹೋಗ್ಬೇಕು ಅಂತಿದ್ರೆ ಪೂರ್ವ ಹಿಡಿದು ಅರ್ಧ ವೃತ್ತ ಹೋದ್ರೆ ಸುಮಾರು 3,850 ಕಿಲೋಮೀಟರ್, ಧ್ರುವದ ಮೇಲಿಂದ ದಾಟಿದ್ರೆ 2,460.

ನಾಲ್ಕು ಬದಿ ಲೆಕ್ಕನೂ ಒಂದು ಕೊಡಿ ಹುಡುಗ್ರಿಗೆ, ಎಕ್ಸಾಮಲ್ಲಿ ಬರೋ ಚಾನ್ಸ್ ಇದೆ. 100 ಉತ್ತರ, 100 ಪೂರ್ವ, 100 ದಕ್ಷಿಣ, 100 ಪಶ್ಚಿಮ, ಎಲ್ಲಿರ್ತೀರ? ಎಲ್ರೂ ಹೊರಟ ಜಾಗ ಅಂತಾರೆ. ತುಮಕೂರಿಂದ 100 ಕಿಲೋಮೀಟರ್ ಲೆಕ್ಕದಲ್ಲಿ ಮಾಡಿದ್ರೆ ವಾಪಸ್ ಬರೋ ಹೊತ್ತಿಗೆ ಹೊರಟ ಜಾಗಕ್ಕಿಂತ ಸುಮಾರು 390 ಮೀಟರ್ ಪೂರ್ವಕ್ಕೆ ಇರ್ತೀರ, ಯಾಕಂದ್ರೆ ಉತ್ತರಕ್ಕೆ ಹೋದಾಗ ರೇಖಾಂಶಗಳು ಒಂದಕ್ಕೊಂದು ಹತ್ರ ಬಂದಿರ್ತವೆ, ಅಲ್ಲಿ ಪೂರ್ವಕ್ಕೆ 100 ಹೋದ್ರೆ ಜಾಸ್ತಿ ಡಿಗ್ರಿ ದಾಟ್ತೀರ, ಕೆಳಗೆ ಪಶ್ಚಿಮಕ್ಕೆ 100 ಬಂದ್ರೆ ಅಷ್ಟು ಡಿಗ್ರಿ ವಾಪಸ್ ಸಿಗಲ್ಲ. ಇದೇ ಲೆಕ್ಕನ ಧ್ರುವದಿಂದ 200 ನಾಟಿಕಲ್ ಮೈಲು ದೂರದಿಂದ ಶುರು ಮಾಡಿ. 100 ಉತ್ತರಕ್ಕೆ, ಈಗ ದೂರ 100. ಆ ವೃತ್ತದ ಮೇಲೆ 100 ಪೂರ್ವಕ್ಕೆ, 1 ರೇಡಿಯನ್ ಅಂದ್ರೆ 57.3 ಡಿಗ್ರಿ ಸುತ್ತಿದ್ರಿ. ವಾಪಸ್ 200ಕ್ಕೆ ಬಂದು ಪಶ್ಚಿಮಕ್ಕೆ 100, ಇದು ಬರೀ ಅರ್ಧ ರೇಡಿಯನ್. ಉಳಿದ ಅರ್ಧ ರೇಡಿಯನ್ 200 ಮೈಲಿನ ವೃತ್ತದ ಮೇಲೆ 100 ಮೈಲು ಆಯ್ತು. ಅಂದ್ರೆ ಹೊರಟ ಜಾಗಕ್ಕಿಂತ ಪೂರ್ತಿ 100 ಮೈಲು ಪೂರ್ವಕ್ಕೆ! ತುಮಕೂರಲ್ಲಿ 390 ಮೀಟರ್ ಇದ್ದ ತಪ್ಪು ಅಲ್ಲಿ ಒಂದು ಬದಿಯಷ್ಟೇ ಉದ್ದ.

ಹಳೇ ದಕ್ಷಿಣ-ಪೂರ್ವ-ಉತ್ತರ ಪಜಲ್‌ಗೆ ಬರೋಣ. ಉತ್ತರ ಧ್ರುವದಿಂದ ಹೊರಟ್ರೆ ಸರಿ, ಅಲ್ಲಿ ಪೂರ್ವಕ್ಕೆ 1 ಮೈಲು ಹೋದ್ರೂ 5 ಮೈಲು ಹೋದ್ರೂ ವ್ಯತ್ಯಾಸ ಇಲ್ಲ, ಯಾವ ಕಡೆಯಿಂದಾದ್ರೂ 1 ಮೈಲು ಉತ್ತರಕ್ಕೆ ಹೋದ್ರೆ ಧ್ರುವನೇ. (ಹೋಗಿದ್ದಕ್ಕೂ ಬಂದಿದ್ದಕ್ಕೂ ಮಧ್ಯದ ಕೋನ ಎಷ್ಟು ಅಂತ ಕೇಳಿ, ಸಮಬಾಹು ತ್ರಿಕೋನ ಬರೆದು 60 ಅಂತಾರೆ, ಅದು ಮತ್ತದೇ 57.3.) ಇನ್ನೊಂದು ಗುಂಪಿನ ಉತ್ತರ ದಕ್ಷಿಣ ಧ್ರುವದ ಹತ್ರ ಇದೆ. ಅಲ್ಲಿ ಸುತ್ತಳತೆ ಸರಿಯಾಗಿ 1 ಮೈಲು ಇರೋ ವೃತ್ತ ಒಂದಿರುತ್ತೆ, ಧ್ರುವದಿಂದ 0.159 ಮೈಲು ದೂರ, ಅದಕ್ಕಿಂತ 1 ಮೈಲು ಉತ್ತರದಲ್ಲಿ ಹೊರಡಿ, ಅಂದ್ರೆ ಧ್ರುವದಿಂದ 1.159 ಮೈಲು. ದಕ್ಷಿಣಕ್ಕೆ ಇಳಿದು, ಒಂದು ಪೂರ್ತಿ ಸುತ್ತು ಹಾಕಿ, ಅದೇ ದಾರೀಲಿ ವಾಪಸ್. ಸುತ್ತಳತೆ ಅರ್ಧ ಮೈಲಿನ ವೃತ್ತ ಆದ್ರೆ ಎರಡು ಸುತ್ತು, ಆಗ 1.080 ಮೈಲಿಂದ ಹೊರಡ್ಬೇಕು, ಮೂರು ಸುತ್ತಿಗೆ 1.053, ಹೀಗೆ ಮುಗಿಯೋದೇ ಇಲ್ಲ. ಪ್ರತಿ ದೂರಕ್ಕೂ ಒಂದು ಇಡೀ ವೃತ್ತದ ಮೇಲಿನ ಯಾವ ಜಾಗ ಆದ್ರೂ ಆಗುತ್ತೆ.

ಆದ್ರೆ ಹಡಗು ಅಂದ್ರೆ ಕಥೆ ಮುಗೀತು. ದಕ್ಷಿಣ ಧ್ರುವ ಇರೋದು ಭೂಖಂಡದ ಮಧ್ಯೆ, ಸಮುದ್ರಮಟ್ಟದಿಂದ 2,800 ಮೀಟರ್ ಮೇಲೆ, ಅಮುಂಡ್ಸೆನ್ 1911ರ ಡಿಸೆಂಬರ್ 14ಕ್ಕೆ ಅಲ್ಲಿಗೆ ಹೋಗಿದ್ದು ನಾಯಿ ಕಟ್ಟಿದ ಜಾರುಬಂಡಿ, ಸ್ಕೀ ಹಾಕ್ಕೊಂಡು. ಉತ್ತರ ಧ್ರುವ ಸಮುದ್ರ, ಆಳ 4,000 ಮೀಟರ್ ಮೇಲೆ, ಮೇಲ್ಗಡೆ ತೇಲೋ ಮಂಜುಗಡ್ಡೆ. ಪ್ರಶ್ನೇಲಿ ಹಡಗು ಅಂತ ಇದ್ರೆ ಉತ್ತರ ಧ್ರುವ ಒಂದೇ ಉತ್ತರ, ಇದೇ ಪಜಲ್‌ನಲ್ಲಿ ಕೆಲವರು ಅಲ್ಲಿ ಕಂಡ ಕರಡಿ ಬಣ್ಣ ಯಾವುದು ಅಂತ ಕೇಳ್ತಾರೆ, ಆಗಲೂ ಅಷ್ಟೇ, ದಕ್ಷಿಣದಲ್ಲಿ ಕರಡಿ ಇಲ್ಲ. ಹಡಗಿಗೂ ಅನಂತ ಉತ್ತರ ಬರೋ ಹಾಗೆ ಮಾಡ್ಬೇಕಾ, ಪ್ರಶ್ನೆ ತಿರುಗಿಸಿ: 1 ಉತ್ತರ, 1 ಪೂರ್ವ, 1 ದಕ್ಷಿಣ. ಈಗ ಆ 1.159, 1.080 ವೃತ್ತಗಳೆಲ್ಲಾ ಉತ್ತರ ಧ್ರುವದ ಸುತ್ತ ಬಂದು ಕೂರ್ತವೆ.

ನಿಜವಾದ ಹಡಗಲ್ಲಿ ಇದನ್ನ ಹೆಂಗೆ ಮಾಡ್ತಾರೆ ಅಂತ ಹುಡುಗ್ರು ಕೇಳಿದ್ರೆ, ಪಜಲ್‌ನ ಕಾಂಪಾಸ್ ಬರೀ ಕಲ್ಪನೆ ಅಂತ ಹೇಳಿ. ಮ್ಯಾಗ್ನೆಟಿಕ್ ಕಾಂಪಾಸ್ ತೋರಿಸೋದು ಕಾಂತ ಧ್ರುವದ ಕಡೆ, ಅದು ಬೇರೆ ಜಾಗ, ಜೇಮ್ಸ್ ಕ್ಲಾರ್ಕ್ ರಾಸ್ 1831ರಲ್ಲಿ ಕೆನಡಾದ ಉತ್ತರ ಅಂಚಲ್ಲಿ ಅದನ್ನ ಗುರುತಿಸಿದ್ದ, ಅದು ಅವತ್ತಿಂದ ಸರ್ಕೊಂಡು ಈಗ ಧ್ರುವ ದಾಟಿ ಸೈಬೀರಿಯಾ ಬದಿಗೆ ಹೋಗಿದೆ. ಗೈರೋ ಕಾಂಪಾಸ್ ಭೂಮಿ ತಿರುಗೋದನ್ನ ನಂಬ್ಕೊಂಡು ಉತ್ತರ ಹುಡುಕೋದು, ಮೇಲೆ ಹೋದಷ್ಟೂ ಅದಕ್ಕೆ ಹಿಡಿತ ಕಮ್ಮಿ ಆಗಿ ಧ್ರುವದಲ್ಲಿ ಸೊನ್ನೆ. ಅದಕ್ಕೇ ಅಲ್ಲಿ ಗ್ರಿಡ್ ನ್ಯಾವಿಗೇಶನ್ ಅಂತ ಮಾಡ್ತಾರೆ, ನಿಜವಾದ ಉತ್ತರ ಮರೆತು ಗ್ರೀನ್‌ವಿಚ್ ರೇಖೆಗೆ ಸಮಾನಾಂತರವಾಗಿ ಚಾರ್ಟ್ ತುಂಬಾ ಒಂದೇ ದಿಕ್ಕನ್ನ ಉತ್ತರ ಅಂತ ಕರೀತಾರೆ, ಆಗ ನಿಮ್ಮ ಪ್ಲಸ್ ಗುರುತು ಮತ್ತೆ ಕೆಲಸಕ್ಕೆ ಬರುತ್ತೆ. ಉತ್ತರಾರ್ಧದಲ್ಲಿ ನಿಜವಾದ ಕೋರ್ಸಿಂದ ಪೂರ್ವ ರೇಖಾಂಶ ಕಳೆದ್ರೆ ಗ್ರಿಡ್ ಕೋರ್ಸ್, ಪಶ್ಚಿಮ ಆದ್ರೆ ಕೂಡಿಸ್ಬೇಕು. ನಾಟಿಲಸ್ ಸಬ್‌ಮರೀನ್ 1958ರ ಆಗಸ್ಟ್ 3ಕ್ಕೆ ಮಂಜಿನ ಕೆಳಗಿಂದ ಧ್ರುವ ದಾಟಿತಲ್ಲ, ಚುಕ್ಕಾಣಿ ತಿರುಗಿಸದೇ ಅದರ ಕೋರ್ಸ್ ಉತ್ತರ ಇದ್ದಿದ್ದು ದಕ್ಷಿಣ ಆಗೋಯ್ತು, ಗ್ರಿಡ್ ಲೆಕ್ಕದಲ್ಲಿ ಮಾತ್ರ ಏನೂ ಬದಲಾಗಿರಲ್ಲ. ನೀರಿನ ಮೇಲಿಂದ ಮೊದಲು ಹೋದ ಹಡಗು ಸೋವಿಯತ್‌ನ ಐಸ್‌ಬ್ರೇಕರ್ ಆರ್ಕ್ಟಿಕಾ, 1977ರ ಆಗಸ್ಟ್ 17ಕ್ಕೆ.

ಕೊನೇಲಿ ನಿಮ್ಮ ಜೋರು ಹುಡುಗನಿಗೆ ಅಂತಾನೇ ಒಂದು ಕೊಡ್ತೀನಿ. ಹಡಗು ಸರಿಯಾಗಿ ಉತ್ತರ ಧ್ರುವದಿಂದ ಹೊರಟು ಸದಾ ಆಗ್ನೇಯ ಕೋರ್ಸ್ ಹಿಡಿದು 141.4 ನಾಟಿಕಲ್ ಮೈಲು ಹೋಯ್ತು, ಈಗ ಎಲ್ಲಿದೆ? ಧ್ರುವದಿಂದ 100 ಮೈಲು ದೂರದಲ್ಲಿ, ಅಂದ್ರೆ 88 ಡಿಗ್ರಿ 20 ಮಿನಿಟ್ ಉತ್ತರ, ಇದನ್ನ ಅವನು ಥಟ್ ಅಂತ ಹೇಳ್ತಾನೆ. ರೇಖಾಂಶ ಕೇಳಿ. ಹೊರಡುವಾಗ ಎಲ್ಲಾ ದಿಕ್ಕೂ ದಕ್ಷಿಣನೇ, ಹೊರಟ ಮೊದಲ ಮಿಲಿಮೀಟರ್‌ನಲ್ಲೇ ಅನಂತ ಸುತ್ತು ಆಗೋಗಿರುತ್ತೆ, ಎಷ್ಟೇ ಲೆಕ್ಕ ಹಾಕಿದ್ರೂ ರೇಖಾಂಶಕ್ಕೆ ಉತ್ತರ ಇಲ್ಲ, ಆಪ್ಷನ್‌ನಲ್ಲಿ "ಹೇಳಲು ಸಾಧ್ಯವಿಲ್ಲ" ಅಂತ ಇದ್ರೆ ಅದಕ್ಕೇ ಟಿಕ್ ಹಾಕ್ಲಿ.